ಹೊಟ್ಟೆನೋವೆಂದು ಬರೆದವಳು

ಶಿವರಂಜಿನಿಯ ಅಕ್ಷರ ಮುತ್ತಿನಂಥದ್ದು. ತೆರಕಣಾಂಬಿಯ ಶಾಲೆಯಲ್ಲಿ ಮೇಷ್ಟ್ರು ಅವಳ ಕಾಪಿ ಪುಸ್ತಕವನ್ನು ಉಳಿದ ಮಕ್ಕಳಿಗೆ ಹಿಡಿದು ತೋರಿಸುತ್ತಿದ್ದರು. ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ಅದು ಠಾಣೆಯವರ ಕಣ್ಣಿಗೂ ಬಿತ್ತು. ಅಲ್ಲಿಗೆ ಅವಳ ಹಣೆಬರಹ ತೀರ್ಮಾನವಾಯಿತು. ಗುಂಡ್ಲುಪೇಟೆ ತಾಲೂಕಿನ ಆ ಠಾಣೆಯಲ್ಲಿ ಎಂಟು ವರ್ಷ ಕಳೆದರೂ ಅವಳು ಒಬ್ಬ ಕಳ್ಳನ ಹಿಂದೆ ಓಡಿದವಳಲ್ಲ. ಯಾವುದಾದರೂ ಊರಿನಲ್ಲಿ ಹೆಂಗಸು ಸತ್ತಳೆಂದರೆ ಮಾತ್ರ ಅವಳಿಗೆ ಕರೆ ಬರುತ್ತಿತ್ತು. ಹೆಣ್ಣು ಹೆಣವನ್ನು ಮುಟ್ಟಿ ನೋಡಲು ಹೆಣ್ಣು ಪೇದೆಯೇ ಬೇಕು, ಮಹಜರು ಬರೆಯಲು ಒಳ್ಳೆಯ ಅಕ್ಷರ ಬೇಕು. ಎರಡೂ ಒಬ್ಬಳಲ್ಲೇ ಸಿಕ್ಕಿದರೆ ಯಾರು ಬಿಡುತ್ತಾರೆ?

ಎರಡು ಸಾವಿರದ ಆರನೇ ಇಸವಿ ಫೆಬ್ರವರಿಯಲ್ಲಿ ಹಾಗೊಂದು ಕರೆ ಬಂತು. ತೆರಕಣಾಂಬಿಯಿಂದ ಮೂರು ಮೈಲಿ ಒಳಗಿನ ಒಂದು ಸಣ್ಣ ಊರು. ಮಂಚಮ್ಮ ಎಂಬ ಇಪ್ಪತ್ತಾರು ವರ್ಷದ ಹೆಂಗಸು ಹೊಲದ ಬಾವಿಯಲ್ಲಿ ಹೆಣವಾಗಿದ್ದಳು. ಯಾರೋ ಬಾವಿಗಿಳಿದು ಎತ್ತಿ ಹಾಕಿದ್ದರು. ಹೆಡ್ ಕಾನ್‌ಸ್ಟೆಬಲ್ ಬೀರಯ್ಯ ಬಾವಿಕಟ್ಟೆಯ ಮೇಲೆ ಟವಲು ಹಾಸಿ ಕೂತು ಹೇಳುತ್ತಾ ಹೋದರು, ಇವಳು ಬರೆಯುತ್ತಾ ಹೋದಳು.

"ನೀರು ತುಂಬಿದ ಪ್ಲಾಸ್ಟಿಕ್ ಕೊಡ ಒಂದು, ಹಸಿರು ಬಣ್ಣದ್ದು. ಕೊಡದೊಳಗೆ ಬೇವಿನ ಸೊಪ್ಪು. ಬರ್ಕಂಡಾ ಕಣಮ್ಮಿ? ಕಟ್ಟೆ ಮೇಲೆ ಸೇದೋ ಹಗ್ಗ, ಸುತ್ತಿ ಗಂಟಾಕಿ ಇಟ್ಟಿರೋದು. ಇನ್ನು ಕಾರಣ..." ಬೀರಯ್ಯ ಮಂಚಮ್ಮನ ಗಂಡನ ಕಡೆ ತಿರುಗಿದರು. "ಏನ್ಲಾ, ಹೊಟ್ಟೆನೋವಿತ್ತಾ ಅವಳ್ಗೆ?"

"ಅಂತಾದ್ದೇನೂ ಇರ್ನಿಲ್ಲ ಸ್ವಾಮಿ."

"ಇರ್ನಿಲ್ಲ ಅಂದ್ರೆ ನೀನು ಒಡೀತಿದ್ದೆ, ಅದ್ಕೇ ಬಿದ್ಲು ಅಂತ ಬರೀಬೇಕಾಯ್ತದೆ. ನೋಡ್ಕ."

ಗಂಡ ಹೆಣದ ಕಡೆ ನೋಡಿದ, ಬೀರಯ್ಯನ ಕಡೆ ನೋಡಿದ. "ಇತ್ತು ಸ್ವಾಮಿ. ಹೊಟ್ಟೆನೋವಿತ್ತು."

ಮುಂದಿನ ಸಾಲನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. 'ಬಹಳ ದಿನಗಳಿಂದ ಹೊಟ್ಟೆನೋವಿನಿಂದ ಬಳಲುತ್ತಿದ್ದು, ನೋವು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು...' ಎಂಟು ವರ್ಷದಲ್ಲಿ ಶಿವರಂಜಿನಿ ಈ ಸಾಲನ್ನು ಎಷ್ಟು ಸಲ ಬರೆದಿದ್ದಳೋ. ಗಂಡಸಿಗೆ ಹೊಟ್ಟೆನೋವು ಬಂದರೆ ಆಸ್ಪತ್ರೆ, ಹೆಂಗಸಿಗೆ ಬಂದರೆ ಬಾವಿ. ಇದೆಂಥ ಕಾಯಿಲೆ ಎಂದು ಯಾರೂ ಕೇಳಿದ್ದಿಲ್ಲ. ಅವಳೂ ಕೇಳಿದ್ದಿಲ್ಲ. ಅಲ್ಲಿದ್ದ ಇಬ್ಬರು ಗಂಡಸರಿಂದ ಪಂಚರೆಂದು ಸಹಿ ಹಾಕಿಸಿಕೊಂಡು, ಕಾಗದ ಮಡಿಸಿ, ಬೀದಿ ಬೋರಿಂಗಿನಲ್ಲಿ ಕೈ ತೊಳೆಯೋಣವೆಂದು ಹಿಡಿ ಒತ್ತಿದಳು. ಹಿಡಿ ಸತ್ತ ಕೈಯಂತೆ ಕೆಳಗೆ ಬಿತ್ತು, ನೀರು ಬರಲಿಲ್ಲ. ಸೆರಗಿಗೆ ಒರೆಸಿಕೊಂಡು ಜೀಪು ಹತ್ತಿದಳು.

ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ನೀರು ಕುಡಿದು ಸತ್ತದ್ದೆಂದು ಬರೆದರು. ಅದು ನಿಜವೇ. ತಾನಾಗಿ ಬಿದ್ದಳೋ ಯಾರಾದರೂ ತಳ್ಳಿದರೋ ಎಂಬುದನ್ನು ನೀರು ತುಂಬಿದ ಶ್ವಾಸಕೋಶ ಹೇಳುವುದಿಲ್ಲ. ಫೈಲು ಮುಚ್ಚಿತು.

ನವೆಂಬರಿನಲ್ಲಿ ಚಾಮರಾಜನಗರದಲ್ಲಿ ಎರಡು ದಿನದ ತರಬೇತಿ ಇಟ್ಟರು. ಮೈಸೂರಿನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ಒಬ್ಬರು ಬಂದು, ಒಂದರ ಮೇಲೊಂದು ಅಪರಾಧ ಮಾಡುತ್ತಾ ಹೋಗುವವರ ಮನಸ್ಸನ್ನು ಓದುವುದು ಹೇಗೆಂದು ಹೇಳಿಕೊಡುತ್ತಾರಂತೆ. ಪ್ರತಿ ಠಾಣೆಯಿಂದ ಒಬ್ಬ ಅಧಿಕಾರಿ, ಜೊತೆಗೆ ಅಭ್ಯಾಸಕ್ಕೆಂದು ಮುಚ್ಚಿದ ಒಂದೆರಡು ಫೈಲು. ಶಿವರಂಜಿನಿಯನ್ನು ಕಳಿಸಿದ್ದು ಕಲಿಯಲಿಕ್ಕಲ್ಲ. "ಎಸ್ರು ಬರ್ಕಳಾಕೆ, ಟೀ ಕೊಡಾಕೆ ಒಬ್ಳು ಬೇಕಂತೆ, ಓಗ್ಬುಟ್ಟು ಬಾ" ಎಂದರು ಬೀರಯ್ಯ.

ಆ ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದು ನೀರು ಹೊತ್ತು ತಂದು, ಅಂಗಳ ಗುಡಿಸಿ, ಅತ್ತೆಗೆ ಬಿಸಿನೀರು ಕಾಯಿಸಿ, ಗಂಡ ಮತ್ತು ಇಬ್ಬರು ಮಕ್ಕಳಿಗೆ ಮೂರು ಡಬ್ಬಿ ಕಟ್ಟಿ, ಮಧ್ಯಾಹ್ನಕ್ಕೆಂದು ಸಾರು ಮಾಡಿಟ್ಟು ಅವಳು ಬಸ್ಸು ಹಿಡಿದಳು. ಗಂಡ ದೊರೆಸ್ವಾಮಿ ಹೈಸ್ಕೂಲಿನಲ್ಲಿ ಗುಮಾಸ್ತ. ಬಸ್ಸಿನವರೆಗೆ ಬಂದು, "ಸಂಜೆ ಬೇಗ ಬಂದ್ಬುಡು, ಅವ್ವಂಗೆ ರೊಟ್ಟಿ ಬೇಕಂತೆ" ಎಂದು ಕಳಿಸಿದ.

ಕಲಿಸಲು ಬಂದವರು ಸುಮಯ್ಯ ಮೇಡಂ. ಅವರು ಚಾಮರಾಜನಗರದವರೇ, ಪೇಟೆಯಲ್ಲಿ ಟ್ರಂಕು ಮಾಡುತ್ತಿದ್ದ ಲಿಯಾಕತ್ ಅಲಿಯ ಮಗಳು. ತಲೆಗೆ ದುಪಟ್ಟಾ, ಕೈಯಲ್ಲಿ ಸೀಮೆಸುಣ್ಣ, ದನಿಯಲ್ಲಿ ಯಾರಿಗೂ ಹೆದರದ ಒಂದು ಸಲೀಸು. ಅಧಿಕಾರಿಗಳು ಕಾಲು ಚಾಚಿ ಕೂತರು. ಅವರಲ್ಲೊಬ್ಬ ಇನ್ಸ್‌ಪೆಕ್ಟರು ಶುರುವಿಗೇ ಹೇಳಿದ: "ಮೇಡಂ, ಸೈಕೋಗಳೆಲ್ಲ ಫಾರಿನ್ನಲ್ಲಿ. ನಮ್ಮಲ್ಲಿರೋರು ಕುಡುಕರು ಮಾತ್ರ."

"ನಿಮ್ಮಲ್ಲಿಲ್ಲವೋ, ನೀವು ಎಣಿಸಿಲ್ಲವೋ?" ಎಂದರು ಮೇಡಂ. "ನಾಲ್ಕು ಠಾಣೆಯಲ್ಲಿ ನಾಲ್ಕು ಫೈಲು ಬೇರೆ ಬೇರೆ ಬೀರುವಿನಲ್ಲಿದ್ದರೆ ಅದು ನಾಲ್ಕು ಸಾವು. ಒಂದೇ ಮೇಜಿನ ಮೇಲಿಟ್ಟು ನೋಡಿದಾಗ ತಾನೆ ಅದು ಒಬ್ಬನ ಕೆಲಸವೋ ಅಂತ ಗೊತ್ತಾಗೋದು?"

ಶಿವರಂಜಿನಿ ಗೋಡೆಯ ಪಕ್ಕ ಟೀ ಫ್ಲಾಸ್ಕು ಹಿಡಿದು ನಿಂತು ಕೇಳಿಸಿಕೊಂಡಳು. ಇಂಥವನು ಒಂದು ಅಪರಾಧಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡುತ್ತಾನೆ, ಆ ಬಿಡುವಿನಲ್ಲಿ ಎಲ್ಲರಂತೆ ಉಣ್ಣುತ್ತಾನೆ, ನಗುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. ಸಿಕ್ಕಿಬೀಳದೆ ಹೋದರೆ ಧೈರ್ಯ ಹೆಚ್ಚಿ ಬಿಡುವು ಕಡಿಮೆಯಾಗಬಹುದು. ರಾಕ್ಷಸನನ್ನು ಹುಡುಕಿಕೊಂಡು ಹೋದರೆ ಅವನು ಸಿಗುವುದಿಲ್ಲ. ಯಾರಿಗೂ ಹೆದರಿಕೆ ಹುಟ್ಟಿಸದವನಾದ್ದರಿಂದಲೇ ಅವನು ಹತ್ತಿರ ಬರಬಲ್ಲ. ಕೆಲವರು ಮಾಡಿದ ಜಾಗಕ್ಕೇ ಮರಳಿ ಬಂದು ಜನರ ನಡುವೆ ನಿಲ್ಲುತ್ತಾರೆ, ಪೊಲೀಸರಿಗೆ ಸಹಾಯ ಮಾಡಲು ಮುಂದಾಗುತ್ತಾರೆ.

"ಎರಡು ವಿಷಯ ಬೇರೆ ಬೇರೆ ಮಾಡಿ ನೋಡಿ," ಎಂದರು ಮೇಡಂ. "ಕೆಲಸ ಮುಗಿಸೋಕೆ ಏನು ಬೇಕೋ ಅದು ಅವನ ರೀತಿ. ಅದು ಬದಲಾಗ್ತದೆ, ಮಾಡ್ತಾ ಮಾಡ್ತಾ ಕಲೀತಾನೆ. ಕೆಲಸಕ್ಕೆ ಬೇಡದಿದ್ರೂ ತನ್ನ ಖುಷಿಗೆ ಒಂದು ಮಾಡ್ತಾನಲ್ಲ, ಅದು ಅವನ ಗುರುತು. ಅದನ್ನು ಬಿಡೋದು ಅವನಿಗೆ ಕಷ್ಟ. ಮತ್ತೆ ನೆನಪಿರಲಿ, ಇದು ಕಣಿ ಹೇಳೋದಲ್ಲ. ಎಲ್ಲಿ ಹುಡುಕಬೇಕು ಅಂತ ಮಾತ್ರ ಹೇಳ್ತದೆ. ಸಾಕ್ಷಿ ಇಲ್ಲದೆ ಇದನ್ನೇ ನಂಬಿದ್ರೆ ಪಾಪದವನೊಬ್ಬ ಒಳಗೆ ಹೋಗ್ತಾನೆ."

ಆಮೇಲೆ ಅಭ್ಯಾಸ. ತಂದಿದ್ದ ಫೈಲುಗಳನ್ನು ಅದಲುಬದಲು ಮಾಡಿ ಹಂಚಿದರು. ಕೊಂದವನನ್ನು ಆಮೇಲೆ ನೋಡೋಣ, ಮೊದಲು ಸತ್ತವರ ಕೊನೆಯ ದಿನವನ್ನು ಏಳುವುದರಿಂದ ಹಿಡಿದು ಬರೆಯಿರಿ ಎಂದರು. ಮೇಡಂ ಕಣ್ಣು ಗೋಡೆಯ ಕಡೆ ಹೊರಳಿತು.

"ನೀವ್ಯಾಕೆ ನಿಂತಿದ್ದೀರಿ?"

"ಟೀ, ಮೇಡಂ."

"ಫ್ಲಾಸ್ಕು ಕೆಳಗಿಡಿ. ಬೇಕಾದವರು ಬಗ್ಗಿಸ್ಕೋತಾರೆ. ನೀವೂ ಒಂದು ತಗೊಳ್ಳಿ."

ಅವಳ ಕೈಗೆ ಬಂದದ್ದು ಬೇರೆ ಠಾಣೆಯ ಫೈಲು. ಚಂದಕವಾಡಿ ಹೋಬಳಿಯ ಒಂದು ಊರು, ಚಿಕ್ಕಮಾದಮ್ಮ, ಮೂವತ್ತೊಂದು ವರ್ಷ, ಸೆಪ್ಟೆಂಬರಿನಲ್ಲಿ ದೂರದ ಹೊಲದ ಬಾವಿಗೆ ಬಿದ್ದದ್ದು, ಹೊಟ್ಟೆನೋವು. ಸತ್ತ ದಿನದ ಬಗ್ಗೆ ಇದ್ದದ್ದು ಒಂದೇ ಸಾಲು: 'ಎಂದಿನಂತೆ ಮನೆಗೆಲಸ ಮುಗಿಸಿ ಹನ್ನೊಂದು ಗಂಟೆಗೆ ನೀರಿಗೆಂದು ಹೋದವಳು ಹಿಂತಿರುಗಲಿಲ್ಲ.'

ಹತ್ತು ನಿಮಿಷದಲ್ಲಿ ಅಧಿಕಾರಿಗಳೆಲ್ಲ ಪೆನ್ನು ಕೆಳಗಿಟ್ಟಿದ್ದರು. ಒಬ್ಬರು ತಮ್ಮ ಫೈಲಿನವಳ ದಿನವನ್ನು ಓದಿದರು: "ಬೆಳಗ್ಗೆ ಎದ್ದಳು. ಅಡುಗೆ ಮಾಡಿದಳು. ಮನೆಗೆಲಸ ಮಾಡಿದಳು. ಮಧ್ಯಾಹ್ನ ಸತ್ತಳು." ಶಿವರಂಜಿನಿ ಬರೆಯುತ್ತಾ ಆಗಿನ್ನೂ ಬೆಳಗಿನ ಆರು ಗಂಟೆಗೆ ಬಂದಿದ್ದಳು. ಸಗಣಿ ಬಾಚಿದ್ದು, ಹಸುವಿಗೆ ಹುಲ್ಲು, ಒಲೆಯ ಬೂದಿ, ರಾತ್ರಿಯ ಮುಸುರೆ, ಮಗುವಿನ ತಲೆ, ಅತ್ತೆಯ ಕಷಾಯ, ಗಂಡ ಹುಡುಕುತ್ತಿದ್ದ ಟವಲು. ಚಿಕ್ಕಮಾದಮ್ಮನ ದಿನವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅದು ಅವಳದೇ ದಿನ. ನಾಲ್ಕು ಹಾಳೆ ತುಂಬಿದಾಗ ಹನ್ನೊಂದು ಗಂಟೆಯಾಯಿತು, ಬಾವಿ ಬಂತು. ಅಲ್ಲೇನಿತ್ತೆಂದು ಫೈಲು ನೋಡಿದಳು. ನೀರು ತುಂಬಿದ ಕೊಡ ಎರಡು. ಒಂದರಲ್ಲಿ ಹೊಂಗೆ ಸೊಪ್ಪು. ಕಟ್ಟೆಯ ಮೇಲೆ ಹಗ್ಗ, ಸುತ್ತಿ ನಡುವೆ ಗಂಟು ಹಾಕಿಟ್ಟಿದ್ದು.

ಅವಳ ಪೆನ್ನು ನಿಂತಿತು. ಆ ಸಾಲನ್ನು ಇನ್ನೊಮ್ಮೆ ಓದಿದಳು. ಬಂದದ್ದು ಹೆದರಿಕೆಯಲ್ಲ, ಸಿಟ್ಟು.

"ಮೇಡಂ, ಇವಳು ತಾನಾಗಿ ಬಿದ್ದಿಲ್ಲ."

ಎಲ್ಲರೂ ತಿರುಗಿದರು.

"ತಲೆ ಮೇಲೆ ಹೊತ್ಕೊಂಡು ನಡೆಯೋವಾಗ ನೀರು ತುಳುಕದೇ ಇರ್ಲಿ ಅಂತ ಕೊಡದೊಳಗೆ ಸೊಪ್ಪು ಹಾಕ್ತಾರೆ. ಸೊಪ್ಪು ಹಾಕಿದ್ಲು ಅಂದ್ರೆ ಮನೆಗೆ ಹೊರಟಿದ್ಲು. ಸಾಯೋಳು ನೀರು ತುಳುಕ್ತದೆ ಅಂತ ಯಾಕೆ ಯೋಚ್ನೆ ಮಾಡ್ತಾಳೆ? ಇನ್ನು ಹಗ್ಗ. ಸೇದಿದ ಹಗ್ಗಾನ ಯಾವ ಹೆಂಗಸೂ ಸುತ್ತಿ ಗಂಟು ಹಾಕಲ್ಲ ಮೇಡಂ, ಅಷ್ಟು ಪುರುಸೊತ್ತು ಯಾರಿಗಿದೆ? ರಾಟೆ ಮೇಲೆ ಎಸೆದು ಬರ್ತೀವಿ." ಅವಳು ಬರೆದ ಹಾಳೆಗಳನ್ನು ಮೇಡಂ ಮುಂದೆ ಇಟ್ಟಳು. "ಫೆಬ್ರವರೀಲಿ ನಮ್ಮ ಕಡೆ ಮಂಚಮ್ಮ ಅಂತ, ಅವಳೂ ಹೊಲದ ಬಾವೀಲೇ ಸತ್ಲು. ಅಲ್ಲೂ ಕೊಡದಲ್ಲಿ ಸೊಪ್ಪಿತ್ತು, ಹಗ್ಗ ಸುತ್ತಿತ್ತು. ನನ್ನ ಕೈಯಾರೆ ಬರ್ದಿದ್ದೀನಿ. ಬರ್ದು ಕೆಳಗೆ ಹೊಟ್ಟೆನೋವು ಅಂತ ಹಾಕಿದ್ದೀನಿ."

ಯಾರೋ ಕಿಸಕ್ಕೆಂದರು. "ಸೊಪ್ಪು ಸದೆ ಮೇಲೆ ಕೊಲೆ ಕೇಸಾ?" ಎಂದ ಇನ್ಸ್‌ಪೆಕ್ಟರು. ಅವನು ಶಿವರಂಜಿನಿಯ ಠಾಣೆಯವನೇ.

ಸುಮಯ್ಯ ಮೇಡಂ ನಗಲಿಲ್ಲ. ನಾಲ್ಕು ಹಾಳೆಯನ್ನೂ ಓದಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಇಬ್ಬರೂ ಅಷ್ಟು ದೂರದ ಹೊಲದ ಬಾವಿಗೇ ಯಾಕೆ ಹೋದರು?"

ಶಿವರಂಜಿನಿ ಆ ಪ್ರಶ್ನೆಯನ್ನು ಮನೆಗೆ ಹೊತ್ತು ತಂದಳು. ಅತ್ತೆಗೆ ರೊಟ್ಟಿ ಬೇಯಿಸಿ, ಗಂಡನಿಗೆ ಬಡಿಸುವಾಗ, "ನಮ್ಮನೆ ನೀರು ಎಲ್ಲಿಂದ ಬರ್ತದೆ?" ಎಂದು ಕೇಳಿದಳು.

"ಡ್ರಮ್ಮಿಂದ," ಎಂದ ದೊರೆಸ್ವಾಮಿ.

"ಡ್ರಮ್ಮಿಗೆ?"

"ನೀನೇ ಎಲ್ಲಿಂದಲೋ ತರ್ತೀಯಲ್ಲ. ಇದೇನು ಪರೀಕ್ಷೆ? ಸಾರಿಗೆ ಉಪ್ಪು ಸಾಲ್ದು ನೋಡು."

ಅವಳು ಉಪ್ಪಿನ ಡಬ್ಬಿಯನ್ನು ಅವನ ತಟ್ಟೆಯ ಪಕ್ಕ ಕುಕ್ಕಿದಳು. ಹನ್ನೊಂದು ವರ್ಷ ಅವಳು ಹೊತ್ತು ತಂದ ನೀರು ಕುಡಿದವನಿಗೆ ಅದು ಡ್ರಮ್ಮಿನಲ್ಲಿ ಹುಟ್ಟುತ್ತಿತ್ತು. ಮಹಜರು ಬರೆಸುವವರ ಮನೆಯಲ್ಲೂ ಅದು ಡ್ರಮ್ಮಿನಲ್ಲೇ ಹುಟ್ಟುತ್ತದೆ. ಹಾಗಿದ್ದ ಮೇಲೆ ನೀರಿಗೆಂದು ಹೋದವಳು ಯಾವ ನೀರಿಗೆ ಹೋದಳು, ಹತ್ತಿರದ ನೀರು ಏನಾಗಿತ್ತು ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಹಾಗಂದುಕೊಳ್ಳುವಾಗಲೇ ಅವಳ ಅಂಗೈಗೆ ಮಂಚಮ್ಮನ ಬೀದಿಯ ಬೋರಿಂಗಿನ ಹಿಡಿ ನೆನಪಾಯಿತು. ಕೆಟ್ಟುಹೋಗಿತ್ತು. ತಾನೇ ಒತ್ತಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಬಂದಿದ್ದಳು.

ವಾರದ ರಜೆಯ ದಿನ ಅವಳು ಖಾಕಿ ಬಿಟ್ಟು ಮನೆಯ ಸೀರೆಯುಟ್ಟು ಮಂಚಮ್ಮನ ಊರಿಗೆ ಹೋದಳು. ಪಕ್ಕದ ಮನೆಯ ಮುದುಕಿ ರಾಗಿ ಕೇರುತ್ತಾ ಹೇಳಿದಳು: "ಊ ಕಣವ್ವ, ಬೋರಿಂಗು ಕೆಟ್ಟು ಎಂಟು ದಿನ ಆಗಿತ್ತು. ಮೇಸ್ತ್ರಿ ಬಂದು ತಲೆ ಬಿಚ್ಚಿ ಒಳಗಿನ್ ಚೈನು ತಕ್ಕಂಡೋಗಿದ್ದ. ಮಂಚಿ ಸತ್ತ ಮೂರ್ನೇ ದಿನ ಬಂದು ಆಕ್ಕೊಟ್ಟ. ಒಳ್ಳೆ ಮನ್ಸ ಕಣವ್ವ ಅಂವ. ಎಣ ಎತ್ತಕೆ ನಮ್ಮೋರ್ಯಾರೂ ಬಾವಿಗಿಳೀಲಿಲ್ಲ. ಅಂವನೇ ಇಳ್ದ."

ಶಿವರಂಜಿನಿಗೆ ಆ ದಿನ ಬಾವಿಕಟ್ಟೆಯ ಹತ್ತಿರ ಒದ್ದೆ ಬಟ್ಟೆಯಲ್ಲಿ ನಿಂತಿದ್ದ ಒಬ್ಬ ಸಣಕಲು ಗಂಡಸು ನೆನಪಾದ. 'ತಗಳಿ ಅಕ್ಕ, ಎಲ್ಲಿ ಆಕ್ಬೇಕು?' ಎಂದು ಕೇಳಿ ಮಹಜರಿನ ಕೆಳಗೆ ಸಹಿ ಮಾಡಿದ್ದ. ಪಂಚರ ಪಟ್ಟಿಯಲ್ಲಿ ಎರಡನೆಯವನು. ಜಾಗ ತೋರಿಸಿದ್ದು ಅವಳದೇ ಬೆರಳು.

ಮುಂದಿನ ರಜೆಯಲ್ಲಿ ಚಂದಕವಾಡಿಯ ಕಡೆ ಹೋದಳು. ಅಲ್ಲೂ ಅದೇ ಮಾತು: ಬೋರಿಂಗು ಕೆಟ್ಟಿತ್ತು, ಮೇಸ್ತ್ರಿ ಚೈನು ಒಯ್ದಿದ್ದ, ಅವನೇ ಬಾವಿಗಿಳಿದು ಹೆಣ ಎತ್ತಿದ. ಅವನು ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಎರಡು ತಾಲೂಕಿನ ಬೋರಿಂಗು ರಿಪೇರಿ ಮಾಡುತ್ತಾ ತಿರುಗುವವನು. ಯಾವ ಊರಿನ ಬೋರಿಂಗಿಗೆ ಯಾವ ದಿನ ಕೈ ಹಾಕಿದ ಎಂಬುದನ್ನು ಕಂಟ್ರಾಕ್ಟರನ ಅಂಗಡಿಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು. ತಮ್ಮೂರಿನ ಬೋರಿಂಗು ಕೆಟ್ಟಿದೆಯೆಂದು ಹೇಳಿ ಅವಳು ಅದನ್ನು ನೋಡಿ ಬಂದಳು.

ಇನ್ಸ್‌ಪೆಕ್ಟರು ಎಲ್ಲ ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಅವನು ನಮ್ಮ ಪಂಚ. ನಾವೇ ಹಾಕಿಸಿದ ಸಹಿ. ಅದನ್ನು ನಾವೇ ಸುಳ್ಳು ಅನ್ನೋದಾ? ನೋಡಿದವರು ಯಾರಾದ್ರೂ ಇದ್ದಾರಾ? ಸತ್ತವಳು ಬಂದು ಹೇಳ್ತಾಳಾ?"

"ಯಾರಾದ್ರೂ ಉಳ್ಕೊಂಡಿದ್ರೆ, ಸಾರ್?"

"ಉಳ್ಕೊಂಡಿದ್ರೆ ಕರ್ಕೊಂಡು ಬಾ. ಈಗ ಹೋಗಿ ಆ ವಾರೆಂಟುಗಳ ನಕಲು ಮಾಡು."

ಸಿಟ್ಟಿನಲ್ಲೇ ಹೇಳಿದ್ದಳು ಅವಳು, ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಫೆಬ್ರವರಿ, ಸೆಪ್ಟೆಂಬರು. ನಡುವೆಯೋ ಆಮೇಲೋ ಇನ್ನೊಬ್ಬಳಿದ್ದರೆ? ಕ್ಯಾಲೆಂಡರಿನಲ್ಲಿ ಅಕ್ಟೋಬರಿನ ಕೊನೆಗೆ ಗುಂಡ್ಲುಪೇಟೆ ಆಚೆಯ ಮದ್ದೂರು ರಸ್ತೆಯ ಒಂದು ಊರಿನ ಹೆಸರಿತ್ತು. ಅಲ್ಲಿ ಬೋರಿಂಗು ಹತ್ತು ದಿನ ಬಿಚ್ಚಿಕೊಂಡಿತ್ತು. ನವೆಂಬರಿನ ಕೊನೆಯಲ್ಲಿ, ಅಂದರೆ ಮೂರು ದಿನದ ಹಿಂದೆ, ಚಂದಕವಾಡಿ ಹೋಬಳಿಯ ಮತ್ತೊಂದು ಊರಿನ ಹೆಸರು ಹತ್ತಿತ್ತು. ಅಲ್ಲಿಯ ಬೋರಿಂಗು ಇನ್ನೂ ಮುಚ್ಚಿರಲಿಲ್ಲ. ಈ ಹೊತ್ತಿಗೆ ಅಲ್ಲಿಯ ಹೆಂಗಸರು ಹೊಲದ ಬಾವಿಗೆ ನಡೆಯುತ್ತಿದ್ದರು.

ಅವಳು ಮಗನಿಗೆ ಜ್ವರವೆಂದು ರಜೆ ಬರೆದುಕೊಟ್ಟಳು. ಮಕ್ಕಳ ಜ್ವರವೆಂದರೆ ಠಾಣೆಯಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ, ಅದನ್ನು ನೋಡಿಕೊಳ್ಳುವವಳು ತಾಯಿಯೇ ತಾನೆ.

ಮಾರನೆಯ ದಿನ ಮೊದಲ ಬಸ್ಸಿಗೇ ಹೋದಳು. ಮದ್ದೂರು ರಸ್ತೆಯ ಆ ಊರಿನಲ್ಲಿ ಯಾರೂ ಸತ್ತಿರಲಿಲ್ಲ. ಬಾವಿಗೆ ಯಾರಾದರೂ ಬಿದ್ದಿದ್ದರೇ ಎಂದು ಕೇಳಿದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಯ ಮನೆಯ ಕಡೆ ಗದ್ದ ತೋರಿಸಿದರು. ಅಲ್ಲಿ ಪುಟ್ಟಮಾದಮ್ಮ ಪಾತ್ರೆ ಬೆಳಗುತ್ತಿದ್ದಳು. ಬಲಗೈಯ ನಾಲ್ಕು ಬೆರಳಿಗೂ ಉಗುರಿರಲಿಲ್ಲ, ಎಳೆ ಚರ್ಮ ಹುಟ್ಟುತ್ತಿತ್ತು. ಆ ಬೆರಳಿನಲ್ಲೇ ಬೂದಿ ಹಚ್ಚಿ ಉಜ್ಜುತ್ತಿದ್ದಳು.

"ಜಾರಿ ಬಿದ್ದೆ ಕಣವ್ವ," ಎಂದಳು ತಲೆಯೆತ್ತದೆ.

ಗಂಡ ಚಿಕ್ಕಬಸವಯ್ಯ ಜಗುಲಿಯಿಂದ ಎದ್ದು ಬಂದ. "ಜಾರಿ ಬಿದ್ಲು, ಎದ್ಲು, ಮುಗೀತು. ನೀವ್ಯಾರು? ಮನೆ ಎಂಗಸ್ರ ವಿಚಾರ ಊರ್ಗೆಲ್ಲ ಸಾರ್ಬೇಕಾ? ಬಾವಿ ತಾವ ಅಂವನ ಜೊತೆ ಏನ್ ಮಾತಾಡ್ತಿದ್ಲು ಅಂತ ನಾಳೆ ಕೇಳ್ತಾರೆ ಜನ."

ಯಾರ ಜೊತೆ ಎಂದು ಶಿವರಂಜಿನಿ ಇನ್ನೂ ಕೇಳಿಯೇ ಇರಲಿಲ್ಲ. ಅವಳು ಗಂಡನ ಕಡೆ ತಿರುಗದೆ ಪಾತ್ರೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. "ಅಕ್ಕ, ಅವನು ಹಗ್ಗ ಸುತ್ತಿದನಾ?"

ಪುಟ್ಟಮಾದಮ್ಮನ ಕೈ ನಿಂತಿತು.

"ಮೊಣಕೈಗೂ ಅಂಗೈಗೂ ಆಕ್ಕಂಡು ಸುತ್ತಿದ," ಎಂದಳು ಬೂದಿಗೈ ಎತ್ತಿ ತೋರಿಸುತ್ತಾ. "ಮೊದ್ಲು ನೀರು ಸೇದ್ಕೊಟ್ಟ. ಯಾಕವ್ವ ಕಷ್ಟ ಬೀಳ್ತೀ, ನಾನು ಸೇದ್ತೀನಿ ಅಂದ. ನಾನು ಸೊಪ್ಪು ಆಕಿ ಕೊಡ ಎತ್ತಕೆ ಬಗ್ದೆ. ತಳ್ಬುಟ್ಟ. ಬಾವಿ ಒಳ್ಗಿಂದ ಹಗ್ಗ ಹಗ್ಗ ಅಂದ್ರೆ, ಅಂವ ಮೇಲ್ನಿಂತು ಸುತ್ತವ್ನೆ, ನಿಧಾನ್ವಾಗಿ, ನಗಾಡ್ಕಂಡು. ಗಂಟಾಕ್ದ. ಆಮೇಲ್ ಬಗ್ಗಿ ಕೇಳ್ಸ್ಕಂಡ. ನನ್ ಕೂಗು ಕೇಳ್ಬೇಕಾಗಿತ್ತು ಅಂವಂಗೆ. ನಂಗ್ ಅದು ಗೊತ್ತಾಗೋಯ್ತು ಕಣವ್ವ. ಬಾಯ್ ಮುಚ್ಕಂಡೆ. ಗೋಡೇಲಿ ಅರಳಿ ಬೇರಿತ್ತು, ಹಿಡ್ಕಂಡು ಮೂಗ್ ಮಾತ್ರ ಮೇಲಿಟ್ಟು ಇದ್ದೆ. ಸತ್ಲು ಅಂದ್ಕಂಡು ಗಾಡಿ ಸ್ಟಾರ್ಟ್ ಮಾಡ್ದ."

"ಎಷ್ಟು ಹೊತ್ತು ಇದ್ರಿ?"

"ಎರ್ಡ್ನೇ ಬಸ್ಸು ಓಗೋಗಂಟ. ಆಮೇಲ್ ಕಲ್ಲಿಗೆ ಉಗುರ್ ಹಾಕಿ ಹತ್ತ್ಕಂಡ್ ಬಂದೆ. ಮನೆಗ್ ಬಂದ್ರೆ ಇವ್ರು, ನೀರೆಲ್ಲಿ ಅಂದ್ರು."

ಚಿಕ್ಕಬಸವಯ್ಯ ಜಗುಲಿಯ ಕಂಬ ನೋಡಿದ. ಶಿವರಂಜಿನಿಗೆ ಕಣ್ಣು ಕತ್ತಲಿಡುವಷ್ಟು ಸಿಟ್ಟು ಬಂತು. ತಳ್ಳಿದವನ ಮೇಲೆ ಬಂದಷ್ಟೇ, ಬಿಸಿನೀರು ಕಾಯಿಸಿ ಕೊಡದೆ ನೀರೆಲ್ಲಿ ಎಂದವನ ಮೇಲೂ ಬಂತು. ಇಬ್ಬರೂ ಒಂದೇ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಇವನು ಬಾಯಿ ಮುಚ್ಚಿಸಿದ್ದರಿಂದಲೇ ಅವನು ಇನ್ನೂ ಗಾಡಿ ಸ್ಟಾರ್ಟ್ ಮಾಡುತ್ತಿದ್ದ.

"ಈಗೆಲ್ಲಿ ಬಿಚ್ಚವ್ನೆ?" ಎಂದಳು ಪುಟ್ಟಮಾದಮ್ಮ.

ಶಿವರಂಜಿನಿ ಊರಿನ ಹೆಸರು ಹೇಳಿದಳು. ಪುಟ್ಟಮಾದಮ್ಮ ಕೈ ತೊಳೆದು ಎದ್ದಳು. "ನಡಿ, ಓಗನ."

"ಮುದ್ದೆ ಯಾರ್ ತೊಳಸ್ತಾರೆ?" ಎಂದ ಚಿಕ್ಕಬಸವಯ್ಯ. ಗದರಿಸಲು ಹೋದ ದನಿ ಕೇಳುವ ದನಿಯಾಗಿತ್ತು.

"ಒಲೆ ಮುಂದೆ ಕೂತ್ಕ. ಗೊತ್ತಾಯ್ತದೆ."

ದಾರಿಯಲ್ಲಿ ಶಿವರಂಜಿನಿ ಗುಂಡ್ಲುಪೇಟೆಯಲ್ಲಿ ಇಳಿದು ಒಂದು ರೂಪಾಯಿ ಬೂತಿನಿಂದ ಸುಮಯ್ಯ ಮೇಡಂಗೆ ಫೋನು ಮಾಡಿದಳು. "ನೀವಿಬ್ಬರೇ ಹೋಗ್ಬೇಡಿ," ಎಂದರು ಮೇಡಂ. "ನಿಮ್ಮ ಮೇಲಿನವರ ಮೇಲಿನವರಿಗೆ ನಾನು ಹೇಳ್ತೀನಿ. ಜೀಪು ಬರೋವರೆಗೆ ಕಾಯಿರಿ." ಕಾಯಬೇಕಾದದ್ದು ಸರಿ. ಆದರೆ ಹನ್ನೊಂದು ಗಂಟೆಯ ನೀರು ಜೀಪಿಗೆ ಕಾಯುವುದಿಲ್ಲ.

ಆ ಊರಿಗೆ ಬಸ್ಸು ಹತ್ತೂವರೆಗೆ ತಲುಪಿತು. ಬೀದಿಯ ಬೋರಿಂಗು ತಲೆಯಿಲ್ಲದೆ ನಿಂತಿತ್ತು. ಅದರ ಪಕ್ಕ ಚಿಕ್ಕಬಸಮ್ಮ ಎಂಬ ಗಟ್ಟಿ ಹೆಂಗಸು ತಲೆಗೆ ಬಟ್ಟೆಯ ಸಿಂಬಿ ಇಟ್ಟು ಹೊರಟಿದ್ದಳು. ಬಾವಿಯ ಹತ್ತಿರ ಮೇಸ್ತ್ರಿ ಇದ್ದಾನೆಯೇ ಎಂದು ಕೇಳಿದರೆ, "ಅವ್ನೆ ಕಣವ್ವ, ನೆಳ್ಳಲ್ಲಿ ಕೂತವ್ನೆ. ಒಂದೊಂದ್ ಕೊಡ ಸೇದ್ಕೊಡ್ತಾನೆ ಪಾಪ," ಎಂದಳು. ಪುಟ್ಟಮಾದಮ್ಮ ಉಗುರಿಲ್ಲದ ಬೆರಳು ತೋರಿಸಿ ಎರಡು ಮಾತು ಹೇಳಿದಳು. ಚಿಕ್ಕಬಸಮ್ಮ ಸಿಂಬಿ ತೆಗೆದು ಸೊಂಟಕ್ಕೆ ಸಿಕ್ಕಿಸಿ, ಬೀದಿಗೆ ಕೇಳುವಂತೆ ಕೂಗು ಹಾಕಿದಳು. ಒಬ್ಬೊಬ್ಬರೇ ಹೊರಬಂದು ಒಂಬತ್ತು ಹೆಂಗಸರಾದರು. ಎಲ್ಲರ ಕಂಕುಳಲ್ಲೂ ಕೊಡ.

ಹುಣಸೆ ಮರದ ಕೆಳಗೆ ಮೊಪೆಡ್ಡು ನಿಂತಿತ್ತು. ಹೆಂಗಸರು ಗುಂಪಾಗಿ ಬಂದದ್ದು ನೋಡಿ ಮೇಸ್ತ್ರಿ ಎದ್ದು ನಿಂತ. ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು, ಅಷ್ಟೇ. "ಏನವ್ವ ಎಲ್ಲಾರು ಒಟ್ಗೆ? ಕೊಡಿ, ಸೇದ್ಕೊಡ್ತೀನಿ."

ಪುಟ್ಟಮಾದಮ್ಮ ಮುಖದ ಮೇಲಿನ ಸೆರಗು ತೆಗೆದಳು. "ನಂದು ಮೊದ್ಲು."

ಅವನು ನೋಡಿದ. ಸತ್ತವಳು ಮಾತಾಡಿದ್ದಕ್ಕೆ ಹೆದರಿದ್ದಲ್ಲ, ತಾನು ಮಾಡಿದ ಕೆಲಸವೊಂದು ಕೆಟ್ಟುಹೋಗಿದೆಯೆಂಬಂತೆ ಹುಬ್ಬು ಗಂಟಿಕ್ಕಿದ. ಆಮೇಲೆ ಮೊಪೆಡ್ಡಿನ ಕಡೆ ಓಡಿದ. ಚಿಕ್ಕಬಸಮ್ಮ ಬೀಸಿದ ಕೊಡ ಅವನ ಮೊಣಕಾಲಿಗೆ ಬಡಿಯಿತು. ಬಿದ್ದವನ ಅಂಗಿಯನ್ನು ಶಿವರಂಜಿನಿ ಎರಡೂ ಕೈಯಲ್ಲಿ ಹಿಡಿದಳು. ಅವನ ಚೀಲವನ್ನು ಹೆಂಗಸರು ಬಗ್ಗಿಸಿದರು. ಸ್ಪ್ಯಾನರು, ಬೀಡಿ, ಗ್ರೀಸು ಬಳಿದ ಚೈನು. ಚಿಕ್ಕಬಸಮ್ಮ ಚೈನನ್ನು ಬೆರಳಲ್ಲಿ ಎಳೆದು ನೋಡಿದಳು. "ಇದ್ಕೇನಾಗದೆ? ಗಟ್ಟಿಯಾಗದೆ. ನಾಲ್ಕು ದಿನ್ದಿಂದ ನಮ್ ಕತ್ತು ಮುರ್ಸಿ ಅರ್ಧ ಮೈಲಿ ನೀರೊರ್ಸವ್ನೆ ಇಂವ!"

"ಎಸೀರಿ ಬಾವಿಗೆ," ಎಂದಳು ಒಬ್ಬಳು. "ಹಗ್ಗ ನಾನು ಸುತ್ತೀನಿ."

ಯಾರೂ ನಗಲಿಲ್ಲ. ನಾಲ್ಕೈದು ಕೈ ಅವನನ್ನು ಎತ್ತಿಯೂ ಆಗಿತ್ತು. ಶಿವರಂಜಿನಿಗೂ ಒಂದು ಕ್ಷಣ ಕೈ ಬಿಟ್ಟುಬಿಡೋಣ ಅನ್ನಿಸಿತು. ಬಿಟ್ಟಿದ್ದರೆ ಆ ಊರಿನಲ್ಲಿ ಯಾರೂ ಏನನ್ನೂ ನೋಡಿರುತ್ತಿರಲಿಲ್ಲ.

"ಬೇಡ!" ಎಂದು ಕಿರುಚಿದಳು. "ಇವನು ಸತ್ರೆ ಮಂಚಮ್ಮ ಹೊಟ್ಟೆನೋವಲ್ಲೇ ಉಳೀತಾಳೆ. ಚಿಕ್ಕಮಾದಮ್ಮನೂ ಉಳೀತಾಳೆ. ಇವನ ಬಾಯಿಂದಲೇ ಬರ್ಬೇಕು. ಕಟ್ಟಿಹಾಕಿ."

ಕಟ್ಟಿಹಾಕಿದರು, ಬಾವಿಯ ಹಗ್ಗದಿಂದಲೇ. ಜೀಪು ಬಂದದ್ದು ಒಂದೂವರೆಗೆ.

ಸಂಜೆಯ ಹೊತ್ತಿಗೆ ಠಾಣೆಯ ಮುಂದೆ ಪೇಪರಿನವರು ಸೇರಿದ್ದರು. ಮೇಲಿನವರ ಫೋನು ಬಂದ ಮೇಲೆ ಇನ್ಸ್‌ಪೆಕ್ಟರು ಹೊಸ ಯೂನಿಫಾರಂ ಹಾಕಿಕೊಂಡು, ವೈಜ್ಞಾನಿಕವಾಗಿ ಅಪರಾಧಿಯ ಮನಸ್ಸನ್ನು ಅಧ್ಯಯನ ಮಾಡಿದೆವು ಎಂದು ಅವರಿಗೆ ಹೇಳುತ್ತಿದ್ದ. ಒಳಗೆ ಪುಟ್ಟಮಾದಮ್ಮ ದೂರು ಬರೆಸುತ್ತಿದ್ದಳು, ಶಿವರಂಜಿನಿ ಬರೆಯುತ್ತಿದ್ದಳು. ಮುಗಿದ ಮೇಲೆ ಓದಿ ಹೇಳೆಂದಳು ಪುಟ್ಟಮಾದಮ್ಮ. ಒಂದು ಕಡೆ ತಡೆದಳು. "ಜಾರಿ ಅಂತ ಬರ್ದಿಲ್ಲ ತಾನೆ?"

"ಇಲ್ಲಕ್ಕ. ತಳ್ಳಿದ ಅಂತ ಬರ್ದಿದ್ದೀನಿ."

ಪುಟ್ಟಮಾದಮ್ಮ ಎಡಗೈ ಹೆಬ್ಬೆಟ್ಟು ಒತ್ತಿದಳು. "ಸತ್ತೋರ್ದು ಯಾರ್ ಬರೀತಾರೆ?"

ಆ ಪ್ರಶ್ನೆ ಠಾಣೆಯಲ್ಲಿ ಎಲ್ಲರಿಗೂ ಕೇಳಿಸಿತ್ತು. ಇನ್ಸ್‌ಪೆಕ್ಟರಿಗೆ ಒಂದು ಕೇಸು ಸಾಕಾಗಿತ್ತು, ಕೊಲೆಯ ಯತ್ನ, ಕೈಗೆ ಸಿಕ್ಕ ಆರೋಪಿ. ಮುಚ್ಚಿದ ಫೈಲು ತೆರೆದರೆ ಯಾರು ಮುಚ್ಚಿದ್ದು ಎಂಬುದೂ ತೆರೆಯುತ್ತದೆ. ಶಿವರಂಜಿನಿ ಬಿಳಿ ಹಾಳೆಯೊಂದನ್ನು ಎಳೆದುಕೊಂಡು ತನ್ನ ಹೆಸರು, ನಂಬರು, ಸೇರಿದ ವರ್ಷ ಬರೆದಳು. 'ಮೃತ ಮಂಚಮ್ಮನಿಗೆ ಹೊಟ್ಟೆನೋವು ಇರಲಿಲ್ಲವೆಂದು ಆಕೆಯ ಗಂಡ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿರುತ್ತೇನೆ. ಕೇಳಿಯೂ, ಹೊಟ್ಟೆನೋವೆಂದು ಬರೆದಿರುತ್ತೇನೆ. ಪಂಚನೆಂದು ಆರೋಪಿಯಿಂದಲೇ ಸಹಿ ಹಾಕಿಸಿಕೊಂಡಿರುತ್ತೇನೆ.'

ಬೀರಯ್ಯ ಹಿಂದೆ ನಿಂತು ಓದಿದರು. ಅವರ ಬಾಯಿಯ ಎಲೆಯಡಿಕೆ ನಿಂತಿತು. "ಏನ್ ಬರೀತಿದ್ದೀ ಕಣಮ್ಮಿ? ಅರ್ದಾಕು ಅದ್ನ. ನಿನ್ ಕೆಲ್ಸ ಓಯ್ತದೆ."

"ಹೋಗ್ಬಹುದು ಸಾರ್."

"ಮನೇಲಿ ಎರಡ್ ಮಕ್ಳವೆ. ದೊರೆಸ್ವಾಮಿ ಏನಂತಾನೆ ಅಂತ ಯೋಚ್ನೆ ಮಾಡಿದ್ದೀಯಾ?"

ಅವಳು ತಲೆಯೆತ್ತಿ ಅವರನ್ನು ನೋಡಿದಳು. ಎಂಟು ವರ್ಷದಲ್ಲಿ ಅವರು ಹೇಳಿದ ಯಾವ ಸಾಲನ್ನೂ ಅವಳು ಬರೆಯದೆ ಬಿಟ್ಟಿರಲಿಲ್ಲ.

"ಆ ದಿನ ಹೇಳಿ ಬರೆಸಿದವರ ಹೆಸರು ಹಾಕ್ಬೇಕು ಸಾರ್," ಎಂದಳು. "ನಿಮ್ಮ ಪೂರ್ತಿ ಹೆಸರು ಹೇಳಿ."